ಖಾಲಿ ಬಸ್ಸಿನ ಅಮೋಘಿ

ಸಾರವಾಡದ ಅಮೋಘಿಗೆ ಮನುಷ್ಯರ ಮೇಲೆ ದ್ವೇಷವೇನೂ ಇರಲಿಲ್ಲ. ಬಸ್ಸಿಗೆ ಅಡ್ಡ ಬರುತ್ತಾರೆ ಎನ್ನುವುದೊಂದೇ ಅವನ ತಕರಾರು. ಬಸ್ಸು ನಿಂತದ್ದೇ ತಡ ಮುತ್ತಿಕೊಳ್ಳುತ್ತಾರೆ, ಬಾಗಿಲಿಗೆ ಜೋತು ಬೀಳುತ್ತಾರೆ, ಕಿಟಕಿಯೊಳಗೆ ಟವೆಲ್ಲು, ಬುತ್ತಿಗಂಟು ಒಗೆದು ಸೀಟು ಹಿಡಿಯುತ್ತಾರೆ, ಬೋರ್ಡಿನ ಕೆಳಗೇ ನಿಂತು 'ಇದು ಎಲ್ಲಿಗಿ ಹೊಕ್ಕೈತ್ರಿ' ಎಂದು ಕೇಳುತ್ತಾರೆ. ಇಷ್ಟೆಲ್ಲ ಗದ್ದಲದಲ್ಲಿ ಒಂದು ಬಸ್ಸಿನ ಚಂದದ ಫೋಟೋ ತೆಗೆಯುವುದಾದರೂ ಹೇಗೆ? ಬಸ್ಸು ಇರುವುದೇ ಜನರಿಗಾಗಿ ಎಂಬ ಮಾತು ಅವನ ಕಿವಿಗೆ ಬಿದ್ದಿರಬಹುದು, ತಲೆಗೆ ಹೋಗಿರಲಿಲ್ಲ.

ಈ ಹುಚ್ಚು ಹತ್ತಿದ್ದು ಕುರಿ ಕಾಯುವ ಕಾಲಕ್ಕೆ. ಅಪ್ಪನ ಜೊತೆ ಹಿಂಡು ಹೊಡೆದುಕೊಂಡು ಬಬಲೇಶ್ವರದ ರಸ್ತೆ ದಾಟುತ್ತಿದ್ದಾಗ, ವಿಜಯಪುರದ ಕಡೆಯಿಂದ ಹೊಸಾ ಕೆಂಪು ಬಸ್ಸೊಂದು ಬಂದು ಹಾರನ್ ಮೇಲೆ ಹಾರನ್ ಹೊಡೆಯಿತು. ಅಪ್ಪ ಡ್ರೈವರನ ಮೂರು ತಲೆಮಾರು ಎತ್ತಿ ಬೈದ. ಮಗ ಮಾತ್ರ ಬಡಿಗೆಯಿಂದ ಕುರಿಗಳನ್ನು ಬದಿಗೆ ದಬ್ಬಿ, ಬಸ್ಸು ಮರೆಯಾಗುವವರೆಗೂ ಬಾಯಿ ತೆರೆದು ನಿಂತ. ಅಂದೇ ಅವನು ಕುರಿಗಳ ಪಕ್ಷ ಬಿಟ್ಟು ಬಸ್ಸಿನ ಪಕ್ಷ ಸೇರಿದ. ಮುಂದೆ ಅವನು ಬದಿಗೆ ದಬ್ಬಿದ್ದೆಲ್ಲ ಎರಡು ಕಾಲಿನ ಹಿಂಡನ್ನು, ಅಷ್ಟೇ ಫರಕು.

ಈಗ ವಯಸ್ಸು ನಲವತ್ತು ದಾಟಿದೆ. ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಸಾಲಿನಲ್ಲಿ ಅವನದೊಂದು ರೇಡಿಯಂ ಅಂಗಡಿ. ಟ್ರ್ಯಾಕ್ಟರಿಗೆ 'ರೈತ ಮಿತ್ರ', ಟಂಟಂಗೆ 'ತಾಯಿಯ ಆಶೀರ್ವಾದ', ಹೊಸ ಬೈಕಿಗೆ ಯಾವುದೋ ಹುಡುಗಿಯ ಹೆಸರಿನ ಮೊದಲ ಅಕ್ಷರ, ಹೀಗೆ ಹೊಳೆಯುವ ಹಾಳೆ ಕತ್ತರಿಸಿ ಅಂಟಿಸುವುದು ಕಸುಬು. ಹೆಚ್ಚಿನ ಗಿರಾಕಿಗಳು ಟಂಟಂನವರೇ. ಆದರೂ ಜನರನ್ನು ಕಾಳಿನ ಹಾಗೆ ತುಂಬಿಕೊಂಡು ಓಡುವ ಆ ಮೂರು ಗಾಲಿಯ ಗಾಡಿಯನ್ನು ಅಮೋಘಿ ವಾಹನ ಎಂದು ಒಪ್ಪಿದವನಲ್ಲ. ಉಂಡ ಮನೆಯ ಜಂತಿ ಎಣಿಸುವುದು ಅಂದರೆ ಇದೇ.

ಮದುವೆಯಲ್ಲಿ ಮಾವ ಹಾಕಿದ ಉಂಗುರ ವರ್ಷ ತುಂಬುವುದರೊಳಗೆ ಕ್ಯಾಮೆರಾ ಆಯಿತು. ಹೆಂಡತಿ ಕಸ್ತೂರಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತನ್ನದೊಂದು ಫೋಟೋ ತೆಗೆಯಿರಿ ಎಂದಳು. 'ಬೆಳಕ ಸರಿ ಇಲ್ಲ' ಎಂದ ಅಮೋಘಿ ಭೂತನಾಳ ಕೆರೆಯ ಹತ್ತಿರದ ತಿರುವಿನಲ್ಲಿ ಬಸ್ಸು ಕಾಯಲು ಹೋದ. ಆ ಬೆಳಕು ಇವತ್ತಿನವರೆಗೂ ಸರಿಯಾಗಿಲ್ಲ.

ತೆಗೆದ ಫೋಟೋಗಳನ್ನು ಮೊಬೈಲಿನಲ್ಲಿ ಒಂದು ಪುಟ ಮಾಡಿ ಹಾಕುತ್ತಿದ್ದ. ಬಸ್ಸುಗಳ ಹುಚ್ಚು ಹಿಡಿದವರು ದೇಶದ ತುಂಬ ಇದ್ದಾರೆಂದು ತಿಳಿದಾಗ ಅವನಿಗೆ ಕಳೆದುಹೋದ ಅಣ್ಣತಮ್ಮಂದಿರು ಸಿಕ್ಕಷ್ಟು ಸಂತೋಷವಾಯಿತು. ಕೇರಳದವನೊಬ್ಬ 'ಕ್ಲೀನ್ ಶಾಟ್' ಎಂದು ಬರೆದರೆ ಅದನ್ನು ಊಟಕ್ಕೆ ಕೂತಾಗ ಕಸ್ತೂರಿಗೆ ಓದಿ ಹೇಳುತ್ತಿದ್ದ. ಕ್ಲೀನ್ ಎಂದರೆ ಏನು ಎಂದು ಅವಳು ಕೇಳಿದ್ದಕ್ಕೆ, 'ನಡುವ ಯಾರೂ ಇರಬಾರ್ದು. ಬಸ್ಸು, ರಸ್ತಾ, ಆಕಾಶ. ಮುಗೀತು' ಎಂದಿದ್ದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಇನ್ನೂ ತಮಾಷೆಯೆಂದರೆ ಅಮೋಘಿ ಬಸ್ಸು ಹತ್ತುತ್ತಿರಲಿಲ್ಲ. ಬೈಕಿನ ಮೇಲೆ ಬಸ್ಸಿನ ಮುಂದೆ ಹೋಗಿ, ತಿರುವಿನಲ್ಲಿ ಕೂತು, ಫೋಟೋ ಹೊಡೆದು, ಮತ್ತೆ ಅದನ್ನು ಹಿಂದೆ ಹಾಕಿ ಮುಂದಿನ ತಿರುವಿಗೆ ಓಡುತ್ತಿದ್ದ. 'ಒಳಗ ಕುಂತ್ರ ಬಸ್ ಎಲ್ಲಿ ಕಾಣ್ತೈತಿ' ಎನ್ನುವುದು ಅವನ ವಾದ. ಊರಿನ ಹಿರಿಯ ಹೆಂಗಸು ಹನಮವ್ವ ಇದಕ್ಕೆ ತಕ್ಕ ಮಾತು ಇಟ್ಟುಕೊಂಡಿದ್ದಳು: 'ಇವ ಹೋಳಿಗಿ ಫೋಟೋ ತಗದು ಹೊಟ್ಟಿ ತುಂಬಿಸಿಕೊಳ್ಳೂ ಮಗ.'

ಇನ್ನು ಕಸ್ತೂರಿಯ ಬಸ್ಸಿನ ವಿಷಯ. ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಆರಿಸುವ ಶೆಡ್ಡುಗಳು. ಅಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಇದೆ. ಆದರೆ ಸಾರವಾಡದಿಂದ ಅಲ್ಲಿಗೆ ಹೋಗಬೇಕೆಂದರೆ ಮೊದಲು ವಿಜಯಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಈ ದಾರಿಯಲ್ಲಿ ಅರ್ಧ ದಿನ ಕಳೆದುಹೋಗುತ್ತಿತ್ತು. ಎರಡು ವರ್ಷದ ಹಿಂದೆ, ಬಬಲೇಶ್ವರದಿಂದ ಸಾರವಾಡದ ಮೇಲೆ ಹಾದು, ಒಳರಸ್ತೆಯಿಂದ ನೇರ ತಿಕೋಟಾಕ್ಕೆ ಹೋಗುವ ಒಂದು ಬಸ್ಸು ಶುರುವಾಯಿತು. ಬೆಳಿಗ್ಗೆ ಒಮ್ಮೆ ಹೋಗುವುದು, ಸಂಜೆ ಒಮ್ಮೆ ಬರುವುದು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಸಾರವಾಡದ ಅರ್ಧ ಮನೆಗಳ ಹೆಂಗಸರು ಶೆಡ್ಡಿಗೆ ಹೊರಟರು.

ಕಸ್ತೂರಿಯ ಸೀಟು ಎಡಗಡೆ, ಕಿಟಕಿ ಹತ್ತಿರ. ಹುಟ್ಟಿದಾಗಿನಿಂದ ಅಪ್ಪನ ಮನೆ, ಗಂಡನ ಮನೆ ಎಂದು ಓಡಾಡಿದವಳಿಗೆ, ಯಾರೂ ನೀರು ಕೇಳದ, ಯಾರೂ ರೊಟ್ಟಿ ಕೇಳದ ಮುಕ್ಕಾಲು ತಾಸು ಮೊದಲ ಸಲ ಸಿಕ್ಕಿದ್ದು ಆ ಬಸ್ಸಿನಲ್ಲಿ. ದುಡಿದದ್ದು ಕೈಗೆ ಬರುವ ಖುಷಿ ಬೇರೆ. ಆದರೆ ಆ ಮುಕ್ಕಾಲು ತಾಸನ್ನು ಅವಳು ದುಡಿಮೆಗಿಂತ ಹೆಚ್ಚು ಪ್ರೀತಿಸುತ್ತಿದ್ದಳು. ಇದನ್ನು ಗಂಡನಿಗೆ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ.

ಅಮೋಘಿಗೂ ಆ ಬಸ್ಸಿನ ಮೇಲೆ ಜೀವ, ಕಾರಣ ಮಾತ್ರ ಬೇರೆ. ಸಾರವಾಡದ ಸ್ಟ್ಯಾಂಡಿನಲ್ಲಿ ಡ್ರೈವರ ಶಾಹಿದ ಚಹಾ ಕುಡಿಯಲು ಇಳಿದಾಗ, ಬೆಳಗಿನ ಬಿಸಿಲು ನೇರವಾಗಿ ಬಸ್ಸಿನ ಮೂತಿಗೆ ಬೀಳುತ್ತಿತ್ತು. ಅದಕ್ಕಿಂತ ಒಳ್ಳೆಯ ಬೆಳಕು ಜಿಲ್ಲೆಯಲ್ಲೇ ಇಲ್ಲ ಎಂದು ಅವನ ಅಂಬೋಣ. ತೊಂದರೆಯೆಂದರೆ ಹೆಂಗಸರು. ಅವರನ್ನು ಒಲಿಸಲು ಅವನೊಂದು ಉಪಾಯ ಕಂಡುಕೊಂಡ. 'ಅಕ್ಕಾರ, ಒಂಚೂರು ಸರೀರಿ. ಫೋಟೋ ದೊಡ್ಡ ಸಾಹೇಬ್ರ ತನಕ ಹೊಕ್ಕೈತಿ. ಛಲೋ ಬಂದ್ರ ಹೊಸಾ ಬಸ್ ಕೊಡ್ತಾರ.'

ಹೊಸ ಬಸ್ಸಿನ ಆಸೆಗೆ ಹೆಂಗಸರು ಇಳಿದು ಬೇವಿನ ಮರದ ಹಿಂದೆ ನಿಲ್ಲುತ್ತಿದ್ದರು. ಹಾಕಿದ ಟವೆಲ್ಲು, ಗಂಟುಗಳನ್ನು ಅಮೋಘಿಯೇ ಒಳಗೆ ಕೈ ಹಾಕಿ ಕೆಳಗೆ ಸರಿಸುತ್ತಿದ್ದ, ಕಿಟಕಿಯ ಗೆರೆ ಕೆಡುತ್ತದೆ ಎಂದು. ಆಡೊಂದು ಅಡ್ಡ ಬಂದರೆ ಅದಕ್ಕೂ ಕಾಯುತ್ತಿದ್ದ. ಕಂಡಕ್ಟರ್ ಆಮ್ರಪಾಲಿ ಬಾಗಿಲಲ್ಲಿ ನಿಂತಿರುತ್ತಿದ್ದಳು. 'ಅಣ್ಣಾರ, ನಾನೂ ಸರೀಲೇನ?' ಎಂದು ಅವಳು ಕೇಳಿದ್ದು ಚೇಷ್ಟೆಗೆ. ಇವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ 'ಸರದ್ರ ಛಲೋ ಆಕ್ಕೈತ್ರಿ' ಎಂದ.

ಹೀಗೆ ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಆ ಬಸ್ಸಿನ ಫೋಟೋಗಳಾದವು. ಅವನ್ನು ನೋಡಿದ ವಿಜಯಪುರದ ಸಾರಿಗೆ ಸಾಹೇಬರೊಬ್ಬರು ಅಮೋಘಿಯನ್ನು ಕರೆಸಿದರು. ಕಚೇರಿಯ ಮೀಟಿಂಗ್ ಕೋಣೆಯ ಗೋಡೆಗೆ ಬಸ್ಸುಗಳ ಫೋಟೋ ಹಾಕಬೇಕು, ಕೊಡುತ್ತೀರಾ ಎಂದರು. ಕುಣಿಯುವವನ ಕಾಲಿಗೆ ಗೆಜ್ಜೆ ಕಟ್ಟಿದಂತಾಯಿತು. ಬೇರೆ ಬಸ್ಸುಗಳದೆಲ್ಲ ಡಿಪೋದ ಅಂಗಳದಲ್ಲಿ ತೊಳೆದು ನಿಲ್ಲಿಸಿದಾಗಿನ ಫೋಟೋ. ತಿಕೋಟಾ ಬಸ್ಸಿನದು ಮಾತ್ರ ಮೂರು, ಸಾರವಾಡದ ಸ್ಟ್ಯಾಂಡಿನಲ್ಲಿ, ಮೂರು ಕಾಲದಲ್ಲಿ. ಸಾಹೇಬರು ಶಾಲು ಹೊದಿಸಿದರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ವಿಜಯಪುರದಿಂದ ಸಾರವಾಡದ ತನಕ ಅಮೋಘಿ ಆ ಶಾಲು ಹೊದ್ದುಕೊಂಡೇ ಬೈಕು ಓಡಿಸಿಕೊಂಡು ಬಂದ. ದಾರಿಯಲ್ಲಿ ಕಂಡವರು ಪಾಪ, ಚಳಿಜ್ವರ ಬಂದಿದೆ ಎಂದುಕೊಂಡರು.

ಮುಂದಿನ ತಿಂಗಳು ಮೇಲಿನಿಂದ ಒಬ್ಬ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಯಾವ ದಾರಿಯ ಬಸ್ಸು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಎಂದು ನೋಡುವುದು ಅವರ ಕೆಲಸ. ಅದೇ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತ ಗೋಡೆ ನೋಡಿದರು.

'ಇದ್ಯಾವ ಬಸ್ಸು? ಬ್ಯಾಸಿಗ್ಯಾಗ ಖಾಲಿ, ಮಳಿಗಾಲದಾಗ ಖಾಲಿ, ಚಳಿಗಾಲದಾಗೂ ಖಾಲಿ.'

'ತಿಕೋಟಾದ್ದು ಸರ್. ಟಿಕೀಟ ಮಶೀನ ನೋಡಿದ್ರ ದಿನಾ ತುಂಬೇ ಬರ್ತದ' ಎಂದು ನಮ್ಮ ಸಾಹೇಬರು ತೊದಲಿದರು.

'ಮಂದಿ ಇಲ್ಲದಿದ್ರೂ ಪುಕ್ಕಟ ಟಿಕೀಟು ಯಾರರೆ ಹರೀತಾರ. ಫೋಟೋ ಸುಳ್ಳ ಹೇಳ್ತದೇನು? ಬಸ್ಸೂ ಖಾಲಿ, ಸ್ಟ್ಯಾಂಡೂ ಖಾಲಿ.'

ನಮ್ಮ ಸಾಹೇಬರು ಆ ಬಸ್ಸಿನಲ್ಲಿ ಹೆಂಗಸರು ನಿಂತುಕೊಂಡು ಹೋಗುವುದನ್ನು ತಮ್ಮ ಎರಡೂ ಕಣ್ಣಿಂದ ನೋಡಿದ್ದರು. ಆದರೆ ಮೇಲಿನವರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವುದು ಅವರ ಸೇವೆಯ ಗುಟ್ಟು. ಹೌದು ಸರ್ ಎಂದರು. ಸೋಮವಾರದಿಂದ ಬಸ್ಸು ನಿಂತಿತು.

ಸೋಮವಾರ ಹೆಂಗಸರು ಬುತ್ತಿ ಹಿಡಿದು ಸ್ಟ್ಯಾಂಡಿನಲ್ಲಿ ಕಾದರು. ಬಿಸಿಲು ಏರಿತು, ಬಸ್ಸು ಬರಲಿಲ್ಲ. ಕೊನೆಗೆ ಜಮಖಂಡಿಯ ಬಸ್ಸು ಬಂತು. ಅದರ ಬಾಗಿಲಲ್ಲಿ ಆಮ್ರಪಾಲಿ ನಿಂತಿದ್ದಳು, ಅವಳನ್ನು ಆ ದಾರಿಗೆ ಹಾಕಿದ್ದರು. 'ನಿಮ್ಮ ಬಸ್ಸು ಬಂದ್ ಆತ್ರಿ. ಫೋಟೋದಾಗ ಜನಾನ ಇಲ್ಲಂತ' ಎಂದಳು. ಹೆಂಗಸರಿಗೆ ಅರ್ಥವಾಗಲಿಲ್ಲ. ಅವಳು ಗೋಡೆಯ ಕತೆಯನ್ನು ಬಿಡಿಸಿ ಹೇಳಿ, 'ಕಸ್ತೂರಕ್ಕ, ಮನ್ಯಾಗ ಕೇಳ್ರಿ' ಎಂದು ಸೀಟಿ ಊದಿದಳು. ಎಲ್ಲರೂ ಕಸ್ತೂರಿಯ ಕಡೆ ತಿರುಗಿದರು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಅಂದು ಅಮೋಘಿ ಮನೆಗೆ ಬಂದಾಗ ಒಲೆ ಹೊತ್ತಿರಲಿಲ್ಲ. ಕಸ್ತೂರಿ ಹೊಸ್ತಿಲ ಹತ್ತಿರ ಕೂತಿದ್ದಳು.

'ನಾವು ಆ ಬಸ್ಸಿನ್ಯಾಗ ಹೋಗೇ ಇಲ್ಲಂತ, ಖರೇನು?'

'ಹಂಗ ಯಾರು ಅಂದ್ರು?'

'ನಿಮ್ಮ ಫೋಟೋ ಅಂದಾವು. ಒಂದರೆ ತೋರಸ್ರಿ, ನಾ ಇದ್ದದ್ದು. ಬ್ಯಾಡ, ನನ್ನ ಕೈ ಇದ್ದದ್ದು ತೋರಸ್ರಿ, ಸಾಕು.'

ಅಮೋಘಿ ಮೊಬೈಲು ತೆಗೆದು ಹುಡುಕಿದ. ಹುಡುಕುತ್ತ ಹುಡುಕುತ್ತ ಅವನ ಹೆಬ್ಬೆರಳು ನಿಧಾನವಾಯಿತು. ಬಸ್ಸಿನ ಮೇಲೆ ಬಸ್ಸು ಸರಿದು ಹೋದವು, ಹೊಳೆಯುವ ಗಾಜು, ಸ್ಪಷ್ಟ ನಂಬರು. ಒಂದರಲ್ಲಿ ಕಿಟಕಿಯ ಮೂಲೆಗೆ ಹಸಿರು ಸೆರಗಿನ ತುದಿ ಇದ್ದದ್ದು ನೆನಪಿತ್ತು. ಅದನ್ನು ಅವನೇ ಅಳಿಸಿ, ಆ ಜಾಗಕ್ಕೆ ಸೀಟಿನ ಬಣ್ಣ ತುಂಬಿದ್ದ. ಅವನಿಗೆ ನಾಚಿಕೆಯಾಯಿತು, ಆದರೆ ಆ ನಾಚಿಕೆ ಇನ್ನೂ ಪೂರಾ ಹಣ್ಣಾಗಿರಲಿಲ್ಲ, ಅದು ಮುಂದೆ ತಿಳಿಯುತ್ತದೆ.

ಹೆಂಗಸರು ಸುಮ್ಮನೆ ಕೂರಲಿಲ್ಲ. ಹನಮವ್ವನನ್ನು ಮುಂದೆ ಮಾಡಿಕೊಂಡು ಕಚೇರಿಗೆ ಹೋದರು, ಅಮೋಘಿಯನ್ನು ಜೊತೆಗೆ ಎಳೆದುಕೊಂಡು. ಅವನು ತಲೆ ತಗ್ಗಿಸಿ, ತಪ್ಪು ತನ್ನದು, ಜನರನ್ನು ತಾನೇ ಸರಿಸಿದ್ದು ಎಂದು ಸಾಹೇಬರ ಮುಂದೆ ಒಪ್ಪಿಕೊಂಡ. ಸಾಹೇಬರಿಗೆ ಅದು ಹೊಸ ಸುದ್ದಿಯೇನಲ್ಲ. 'ಮೇಲಿನ ಆರ್ಡರ್. ಫೋಟೋ ತಪ್ಪು ಅದ ಅಂತ ನಾ ಹ್ಯಾಂಗ ಬರೀಲಿ, ಅದಕ್ಕ ನಾನೇ ಶಾಲು ಹೊಚ್ಚೇನಿ' ಎಂದರು. ಹನಮವ್ವ ಅಲ್ಲೇ ನೆಲದ ಮೇಲೆ ಕೂತಳು. 'ಹಂಗಾರ ನಾವು ಇಲ್ಲೇ ಇರ್ತೀವ್ರಿ. ನಾವೂ ಇಲ್ಲಂತ ಒಂದು ಫೋಟೋ ತಗಸ್ರಿ.' ಎರಡು ದಿನ ಹೆಂಗಸರು ಅಲ್ಲೇ ಬುತ್ತಿ ಬಿಚ್ಚಿ ಉಂಡರು. ಸುದ್ದಿ ಊರಿನ ಮುಖಂಡರ ಕಿವಿಗೆ ಬಿತ್ತು. ಬಿದ್ದದ್ದೇ, ಬಸ್ಸು ತರಿಸುವ ಹೋರಾಟವನ್ನು ತಾವು ಮೊದಲಿನಿಂದ ಮಾಡುತ್ತಿದ್ದೇವೆ ಎಂದು ಅವರಿಗೆ ನೆನಪಾಯಿತು. ಫೋನುಗಳು ಓಡಾಡಿದವು. ಬಸ್ಸು ಮತ್ತೆ ಬಿಡುವುದೆಂದು ಆಯಿತು. ಆದರೆ ಮೊದಲ ದಿನ ಜನ ಎಷ್ಟು ಹತ್ತುತ್ತಾರೆ ನೋಡಿ ಮುಂದಿನ ಮಾತು ಎಂದು ಮೇಲಿನವರು ಒಂದು ಕೊಕ್ಕೆ ಇಟ್ಟರು.

ಆ ದಿನ ಸಾರವಾಡದ ಸ್ಟ್ಯಾಂಡಿಗೆ ಪೆಂಡಾಲು ಬಂತು. ಬಸ್ಸಿನ ಮೂತಿಗೆ ಬಾಳೆಕಂಬ, ಗಾಲಿಯ ಕೆಳಗೆ ನಿಂಬೆಹಣ್ಣು. ಹೆಂಗಸರು ಎಂದಿನ ಹೊತ್ತಿಗೆ ಬಂದು ನಿಂತಿದ್ದರು, ಶೆಡ್ಡಿನವರು ಇವತ್ತು ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಮುಖಂಡರು ಮಾತ್ರ ತಮ್ಮ ಹೊತ್ತಿಗೆ ಬಂದರು. ತೆಂಗಿನಕಾಯಿ ಒಡೆದರು, ಭಾಷಣವಾಯಿತು. ಆಮೇಲೆ ಫೋಟೋ. ಈ ಸಲ ಫೋಟೋದಲ್ಲಿ ಜನ ಇರಲೇಬೇಕು ಎಂದು ಸಾಹೇಬರು ಅಮೋಘಿಗೆ ಕಟ್ಟಪ್ಪಣೆ ಮಾಡಿದ್ದರು. ಜನ ಎಂದರೆ ಯಾರು ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಖಂಡರು, ಸಾಹೇಬರು, ಹಾರ ಹಾಕಿಕೊಂಡ ಹತ್ತು ಹದಿನೈದು ಗಂಡಸರು ಬಸ್ಸಿನ ಉದ್ದಕ್ಕೂ ಸಾಲು ನಿಂತರು. ಅಮೋಘಿ ಒಂದು ಕಣ್ಣು ಮುಚ್ಚಿದ. ಬೆಳಕು ಅದ್ಭುತವಾಗಿತ್ತು. ಬಾಗಿಲ ಮೆಟ್ಟಿಲಲ್ಲಿ ಯಾರೋ ಒಂದು ಕಾಲಿಟ್ಟು ನಿಂತದ್ದರಿಂದ ಸಾಲಿನ ತುದಿ ಕೆಡುತ್ತಿತ್ತು.

'ಆ ಹಸರ ಸೀರಿ ಅಕ್ಕಾರ, ಒಂಚೂರು ಕೆಳಗ ಇಳೀರಿ.'

ಹಸಿರು ಸೀರೆ ಅಲುಗಲಿಲ್ಲ.

'ಅಕ್ಕಾರ, ನಿಮಗ ಹೇಳಾಕತ್ತೇನಿ.'

ಕಸ್ತೂರಿ ಕೆಳಗೆ ಇಳಿದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು. ಅವನ ಮುಖ ಕ್ಯಾಮೆರಾದ ಹಿಂದೆ ಇತ್ತು. ಆಚೆ ರಸ್ತೆಯಲ್ಲಿ ಟಂಟಂಗಳು ಗಿರಾಕಿಗೆ ಕಾದು ನಿಂತಿದ್ದವು. ಅವಳು ಹೋಗಿ ಮೊದಲನೆಯದರಲ್ಲಿ ಕೂತಳು. ಹನಮವ್ವ ಹಿಂದೆ ನಡೆದಳು, ಅವಳ ಹಿಂದೆ ಉಳಿದವರು. ಪುಕ್ಕಟೆ ಬಸ್ಸು ಎದುರಿಗೆ ನಿಂತಿರುವಾಗ ಕೈಯಿಂದ ದುಡ್ಡು ಕೊಟ್ಟು, ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೆಂಗಸರು ತಿಕೋಟಾದ ದಾರಿ ಹಿಡಿದರು. ಫೋಟೋ ಬಹಳ ಛಲೋ ಬಂತು.

ಮುಖಂಡರು ಕಾರು ಹತ್ತಿದರು. ಸಾಹೇಬರು ಜೀಪು ಹತ್ತಿದರು. ಹಾರ ಹಾಕಿಕೊಂಡವರು ಉಪ್ಪಿಟ್ಟು ಇದ್ದ ಕಡೆ ಹೋದರು. ಶಾಹಿದ ಗಾಡಿ ಚಾಲೂ ಮಾಡಿದ, ನಿಂಬೆಹಣ್ಣು ಪಚ್ ಎಂದವು. ಬಾಗಿಲಲ್ಲಿದ್ದ ಆಮ್ರಪಾಲಿ ಆಚೆ ಈಚೆ ನೋಡಿದಳು.

'ಅಣ್ಣಾರ, ಬಸ್ಸು ಹತ್ತೂ ಮಂದಿ ಎಲ್ಲಿ?'

ಅಮೋಘಿ ಆಗ ಕ್ಯಾಮೆರಾ ಇಳಿಸಿದ. ಸ್ಟ್ಯಾಂಡು ಖಾಲಿ ಇತ್ತು, ಬಸ್ಸು ಖಾಲಿ ಇತ್ತು. ಅವನು ಇಪ್ಪತ್ತು ವರ್ಷ ಬೇಡಿಕೊಂಡಿದ್ದ ದೃಶ್ಯ.

'ಹಸರ ಸೀರಿ ಉಟ್ಟಕಿ ಯಾರಿದ್ಲು?' ಎಂದು ಕೇಳಿದ, ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

'ನಿಮ್ಮ ಮನ್ಯಾಕಿ' ಎಂದಳು ಆಮ್ರಪಾಲಿ. 'ಇವತ್ತಿನ ಲೆಕ್ಕ ಸಂಜಿಗಿ ಮ್ಯಾಲ ಹೊಕ್ಕೈತ್ರಿ. ಹೋಗೂದೂ ಖಾಲಿ, ಬರೂದೂ ಖಾಲಿ ಆದ್ರ ನಾಳಿಗಿ ನಾ ಮತ್ತ ಜಮಖಂಡಿ ಬಸ್ಸಿಗಿ.'

ಅಮೋಘಿ ಬೈಕನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಟಿಕೆಟು ತೆಗೆಸಿದ, ಗಂಡಸರಿಗೆ ಪುಕ್ಕಟೆ ಇಲ್ಲವಲ್ಲ. ಎಡಗಡೆಯ ಕಿಟಕಿ ಹತ್ತಿರ ಕೂರಲು ಹೋದವನನ್ನು ಆಮ್ರಪಾಲಿ ತಡೆದಳು. 'ಅಲ್ಲಿ ಬ್ಯಾಡ್ರಿ, ಅದು ಕಸ್ತೂರಕ್ಕನ ಜಾಗ.' ಇಡೀ ಬಸ್ಸು ಖಾಲಿ ಇರುವಾಗ ಅವನು ಎದ್ದು ಹಿಂದಿನ ಸೀಟಿಗೆ ಹೋಗಬೇಕಾಯಿತು. ಅಲ್ಲಿಂದ ಬಸ್ಸಿನ ಮೂತಿ ಕಾಣುತ್ತಿರಲಿಲ್ಲ, ನಂಬರು ಕಾಣುತ್ತಿರಲಿಲ್ಲ. ಕಂಡದ್ದು ಹೊಲ, ದ್ರಾಕ್ಷಿ ತೋಟ, ಹಿಡಿದು ಹಿಡಿದು ಬಣ್ಣ ಹೋಗಿ ಬೆಳ್ಳಗಾದ ಕಂಬಿಗಳು. ಯಾರದೋ ಬುತ್ತಿಯಿಂದ ಎಂದೋ ಉದುರಿದ ಶೇಂಗಾ ಚಟ್ನಿಪುಡಿ ಸೀಟಿನ ಸಂದಿಯಲ್ಲಿ ಅಂಟಿತ್ತು. ಇಷ್ಟು ಮಂದಿ ಇಲ್ಲಿ ಬದುಕಿದ್ದಾರೆ ಎಂದು ಅವನಿಗೆ ಮೊದಲ ಸಲ ಅನಿಸಿತು. ಮಂದಬುದ್ಧಿಯವನಿಗೂ ಒಂದು ದಿನ ಬೆಳಗಾಗುತ್ತದೆ, ಮಧ್ಯಾಹ್ನವಾದರೂ ಸರಿ.

ಶೆಡ್ಡಿನಲ್ಲಿ ಹೆಂಗಸರು ಒಣದ್ರಾಕ್ಷಿಯ ರಾಶಿಯ ಸುತ್ತ ಕೂತು ಕಡ್ಡಿ ಆರಿಸುತ್ತಿದ್ದರು. ತಡವಾಗಿ ಬಂದದ್ದಕ್ಕೆ ಬೈಸಿಕೊಂಡು ಎಲ್ಲರ ಮುಖ ಬಿಗಿದಿತ್ತು. ಕೊರಳಲ್ಲಿ ಕ್ಯಾಮೆರಾ ಜೋತುಬಿಟ್ಟುಕೊಂಡು ಬಾಗಿಲಲ್ಲಿ ನಿಂತ ಅಮೋಘಿಯನ್ನು ಯಾರೂ ಮಾತಾಡಿಸಲಿಲ್ಲ. ಕಸ್ತೂರಿ ತಲೆ ಎತ್ತಲಿಲ್ಲ.

'ಸಂಜಿಗಿ ಬಸ್ಸಿಗಿ ಬರ್ರಿ ಎಲ್ಲಾರೂ' ಎಂದ. 'ನೀವು ಬರಲಿಲ್ಲಂದ್ರ ಮತ್ತ ನಿಲ್ಲಸ್ತಾರ.'

ಹನಮವ್ವ ನಕ್ಕಳು. 'ಖಾಲಿ ಇದ್ರ ನಿನಗ ಚಂದ ಕಾಣ್ತೈತಲ್ಲೋ.'

'ತಪ್ಪಾತ ಬೇ.' ಅವನು ಹೆಂಡತಿಯ ಕಡೆ ತಿರುಗಿದ. 'ಕಸ್ತೂರಿ, ನಾ ನೋಡಲಿಲ್ಲ. ಖರೇ ನೋಡಲಿಲ್ಲ.'

'ಗೊತ್ತೈತಿ' ಎಂದಳು ಕಸ್ತೂರಿ. ಕೈ ಕೆಲಸ ಬಿಡಲಿಲ್ಲ. 'ನೋಡಿ ಇಳಿ ಅಂದಿದ್ರ ಸಿಟ್ಟರೆ ಬರ್ತಿತ್ತು.'

ಅವಳು ಒಂದು ಹಿಡಿ ದ್ರಾಕ್ಷಿ ಆರಿಸಿ ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು.

'ಬರ್ತೀವಿ. ನೀವು ಕರದ್ರಂತಲ್ಲ, ಬಸ್ಸ ನಮ್ಮದು, ಅದಕ್ಕ ಬರ್ತೀವಿ. ಶೆಡ್ಡಿನ ಮಂದಿ ಎಲ್ಲಾ ಹತ್ತತೀವಿ, ಈ ಊರ ಹೆಣ್ಮಕ್ಕಳ್ನೂ ಹತ್ತಸ್ತೀವಿ. ನೀವು ನಿಮ್ಮ ಗಾಡಿ ಮ್ಯಾಲ ಬರ್ರಿ.'

'ಗಾಡಿ ಊರಾಗ ಬಿಟ್ಟ ಬಂದೀನಿ. ಬಸ್ಸಿಗೇ ಬರ್ತೇನಿ.'

'ಬಸ್ಸಿನ್ಯಾಗ ಜಾಗ ಇರೂದಿಲ್ಲ' ಎಂದಳು ಕಸ್ತೂರಿ.

ಸಂಜೆ ತಿಕೋಟಾದಿಂದ ಹೊರಟ ಬಸ್ಸಿನಲ್ಲಿ ಆಮ್ರಪಾಲಿಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದವರ ನಡುವೆ ಬೋರ್ಡು ಕಾಣಲಿಲ್ಲ, ನಂಬರು ಕಾಣಲಿಲ್ಲ. ಅಮೋಘಿ ಮೆಟ್ಟಿಲ ತನಕ ಹೋಗಿ, ಯಾರೂ ಸರಿಯದ್ದರಿಂದ ಹಿಂದೆ ಬಂದು, ರಸ್ತೆ ಬದಿಗೆ ನಿಂತು ಟಂಟಂಗೆ ಕೈ ಮಾಡಿದ.